ಮೇಣದ ಹಲ್ಲು, ಬಿಸಿ ಕಾಫಿ

ಈ ಊರಿನಲ್ಲಿ ‘ಆಗಲ್ಲ’ ಎಂದು ಮುಖಕ್ಕೆ ಹೊಡೆದಂತೆ ಹೇಳುವವರು ಎಲ್ಲಿ ಹೋದರೋ ನನಗೆ ತಿಳಿಯದು. ಈಗ ಎಲ್ಲರೂ ‘ಟ್ರೈ ಮಾಡ್ತೀನಿ’ ಎನ್ನುವವರೇ. ನಲ್ಲಿ ಸೋರುತ್ತಿದೆ ಬಾರಪ್ಪ ಎಂದರೆ ಪ್ಲಂಬರ್ ಟ್ರೈ ಮಾಡುತ್ತಾನೆ. ಮಹಡಿ ಮೇಲಿನ ಟ್ಯಾಂಕಿಗೆ ಮುಚ್ಚಳ ಹಾಕಿಸಿ ಎಂದರೆ ಮನೆ ಓನರ್ ಟ್ರೈ ಮಾಡುತ್ತಾರೆ. ಮದುವೆಗೆ ಬನ್ನಿ ಎಂದು ಕಾರ್ಡು ಕೊಟ್ಟರೆ, ಕಾರ್ಡನ್ನು ತೆರೆದು ಕೂಡ ನೋಡದೆ ಹಲ್ಲು ಬಿಡುತ್ತಾ ಟ್ರೈ ಮಾಡುತ್ತಾರೆ. ಥೂ! ಬರಲ್ಲ ಅನ್ನಿ, ಮಾಡಲ್ಲ ಅನ್ನಿ, ನಿಮ್ಮ ಗಂಟೇನು ಹೋಗುತ್ತದೆ?

ಆ ಮಾತು ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ಉರಿಯುವುದಕ್ಕೆ ಕಾರಣವೂ ಇದೆ. ಆ ಮಾತನ್ನು ನನ್ನಷ್ಟು ಚೆನ್ನಾಗಿ ಬಳಸಿದವರು ಈ ಊರಿನಲ್ಲಿ ಇನ್ನೊಬ್ಬರಿಲ್ಲ. ಹದಿನಾಲ್ಕು ತಿಂಗಳು ಬಳಸಿದ್ದೇನೆ, ಅದೂ ಹೆತ್ತ ತಾಯಿಯ ಮೇಲೆ.

ನಾನು ಹಲ್ಲು ಮಾಡುವವಳು. ಡಾಕ್ಟರಲ್ಲ. ಡಾಕ್ಟರು ರೋಗಿಯ ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ, ನಾವು ಲ್ಯಾಬಿನಲ್ಲಿ ಕೂತು ಕಟ್ಟುಹಲ್ಲು ಮಾಡಿ ವಾಪಸ್ ಕಳಿಸುತ್ತೇವೆ. ನಮ್ಮ ಲ್ಯಾಬ್ ಶಿವಾಜಿನಗರದ ಒಂದು ಗಲ್ಲಿಯಲ್ಲಿ, ಬುರ್ಖಾ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಲ್ಯಾಬಿನ ಮಾಲೀಕರನ್ನು ನಾವೆಲ್ಲ ಭಾಯ್ ಎಂದೇ ಕರೆಯುವುದು. ಅವರ ಮನೆಮಾತು ದಖನಿ. ಕ್ಲಿನಿಕ್ಕುಗಳಿಗೆ ಹಲ್ಲಿನ ಡಬ್ಬಿ ತಲುಪಿಸುವಾತನ ಮನೆಮಾತು ತಮಿಳು. ಇವತ್ತು ಸಂಜೆಯೊಳಗೆ ಬೇಕು ಎಂದು ಯಾವುದಾದರೂ ಕ್ಲಿನಿಕ್ಕಿನಿಂದ ಫೋನ್ ಬಂದರೆ ಭಾಯ್ ‘ಟ್ರೈ ಕರ್ತೂಂ’ ಎನ್ನುತ್ತಾರೆ, ಆತ ‘ಟ್ರೈ ಪಣ್ರೇನ್’ ಎನ್ನುತ್ತಾನೆ, ನಾನು ‘ಟ್ರೈ ಮಾಡ್ತೀನಿ’ ಎನ್ನುತ್ತೇನೆ. ಮೂರು ಭಾಷೆಯಲ್ಲೂ ಅರ್ಥ ಒಂದೇ: ಇವತ್ತು ಆಗುವುದಿಲ್ಲ. ಹಾಗೆಂದು ನಮ್ಮ ಭಾಷೆಗಳಲ್ಲಿ ಅದಕ್ಕೆ ಪದವಿಲ್ಲವೇ? ಅವರಿಗೆ ಕೋಶಿಶ್ ಇದೆ, ನಮಗೆ ಪ್ರಯತ್ನ ಇದೆ. ‘ಪ್ರಯತ್ನ ಮಾಡ್ತೀನಿ’ ಎಂದು ಒಮ್ಮೆ ಹೇಳಿ ನೋಡಿ. ಹೇಳಿದ ಮೇಲೆ ಎದ್ದು ಏನಾದರೂ ಮಾಡಬೇಕು ಎನಿಸುತ್ತದೆ. ಟ್ರೈಗೆ ಆ ಕಾಟವಿಲ್ಲ.

ಲ್ಯಾಬಿನೊಳಗೆ ಮಾತ್ರ ಆ ಪದಕ್ಕೆ ಮರ್ಯಾದೆ ಇದೆ. ಪೂರ್ತಿ ಹಲ್ಲಿನ ಸೆಟ್ಟು ಮಾಡುವಾಗ ನಾವು ಮೊದಲು ಹಲ್ಲುಗಳನ್ನು ಮೇಣದಲ್ಲಿ ಕೂರಿಸುತ್ತೇವೆ. ಅದನ್ನು ಡಾಕ್ಟರು ರೋಗಿಯ ಬಾಯಿಗಿಟ್ಟು ನೋಡುತ್ತಾರೆ. ನಕ್ಕರೆ ಹೇಗೆ ಕಾಣುತ್ತದೆ, ಮಾತಾಡಿದರೆ ಹೇಗೆ ಕೇಳುತ್ತದೆ ಎಂದು ಪರೀಕ್ಷಿಸುತ್ತಾರೆ. ಅದಕ್ಕೆ ನಮ್ಮಲ್ಲಿ ಟ್ರೈ ಎಂದೇ ಹೆಸರು. ಹಲ್ಲು ಸರಿಸಬೇಕೆಂದರೆ ಅವತ್ತೇ ಸರಿಸಬೇಕು. ಆಮೇಲೆ ಮೇಣವನ್ನು ಕುದಿಸಿ ತೆಗೆದು ಆ ಜಾಗಕ್ಕೆ ಗುಲಾಬಿ ಬಣ್ಣದ ಪ್ಲಾಸ್ಟಿಕ್ ತುಂಬಿ ಬೇಯಿಸಿಬಿಟ್ಟರೆ ಮುಗಿಯಿತು. ಬ್ರಹ್ಮ ಬಂದರೂ ಒಂದು ಹಲ್ಲು ಅಲ್ಲಾಡುವುದಿಲ್ಲ.

ನನ್ನ ಅಮ್ಮ ಹಲಸೂರಿನ ಒಂದು ಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳು. ಟ್ರೈ ಎಂಬ ಕ್ರಿಯಾಪದವನ್ನು ಕಲಿಸುವ ದಿನ ಅವಳು ಬೆಂಚಿನ ಒಂದು ತುದಿಯನ್ನು ತಾನೇ ಎರಡು ಕೈಯಲ್ಲಿ ಎತ್ತಿ ಹಿಡಿದು, ಕತ್ತಿನ ನರ ಉಬ್ಬಿಸಿಕೊಂಡು, ‘ಇದು ಟ್ರೈ. ಬೆಂಚು ಏಳ್ಲಿ ಬಿಡ್ಲಿ, ಬೆವರು ಬಂದಿರ್ಬೇಕು’ ಎನ್ನುತ್ತಿದ್ದಳು. ನಾನೂ ಅದೇ ಶಾಲೆಯಲ್ಲಿ ಅದೇ ಬೆಂಚಿನ ಮೇಲೆ ಕೂತು ಅದನ್ನು ನೋಡಿದ್ದೇನೆ. ಮಕ್ಕಳೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ನನಗೆ ಮಾತ್ರ ಭಯ. ಮನೆಗೆ ಹೋದ ಮೇಲೆ ಆ ಬೆಂಚು ನನ್ನ ತಲೆಯ ಮೇಲೆಯೇ ಬರುತ್ತದೆ ಎಂದು ಗೊತ್ತಿತ್ತು.

ಬಂತು. ಪಿಯುಸಿಯಲ್ಲಿ ನಾನು ಕಣ್ಣು ಕೆಂಪಾಗುವಂತೆ ಓದಿದೆ. ಡಾಕ್ಟರ್ ಸೀಟು ಸಿಗಲಿಲ್ಲ. ರಿಸಲ್ಟ್ ನೋಡಿಕೊಂಡು ಬಂದು ಬಾಗಿಲಲ್ಲಿ ನಿಂತಾಗ ಅಮ್ಮ ಚಪಾತಿ ಲಟ್ಟಿಸುತ್ತಿದ್ದಳು. ತಲೆ ಎತ್ತಲಿಲ್ಲ. ‘ನೀನು ಟ್ರೈ ಮಾಡ್ಲಿಲ್ಲ’ ಎಂದಳು. ಅಷ್ಟೇ. ಬೈದಿದ್ದರೆ ಮರೆಯುತ್ತಿದ್ದೆ, ಹೊಡೆದಿದ್ದರೂ ಮರೆಯುತ್ತಿದ್ದೆ. ನಾನು ಡೆಂಟಲ್ ಮೆಕ್ಯಾನಿಕ್ ಕೋರ್ಸಿಗೆ ಸೇರಿದೆ. ಯಾರಾದರೂ ಮಗಳು ಏನು ಮಾಡುತ್ತಾಳೆ ಎಂದು ಕೇಳಿದರೆ ಅಮ್ಮ ‘ಹಲ್ಲಿನ ಮೆಕ್ಯಾನಿಕ್ಕು’ ಎಂದು, ಗ್ಯಾರೇಜಿನಲ್ಲಿ ಲಾರಿ ಕೆಳಗೆ ಮಲಗಿರುವವಳ ಬಗ್ಗೆ ಹೇಳುವಂತೆ ಹೇಳುತ್ತಿದ್ದಳು. ನಾನು ಮದುವೆಯಾಗಲಿಲ್ಲ. ಅಪ್ಪ ಬೇಗ ಹೋದರು. ರಾಮಮೂರ್ತಿ ನಗರದ ಬಾಡಿಗೆ ಮನೆಯಲ್ಲಿ ನಾವಿಬ್ಬರೇ ಹಗಲೆಲ್ಲ ಒಬ್ಬರನ್ನೊಬ್ಬರು ಚುಚ್ಚಿಕೊಂಡು ಬದುಕಿದೆವು.

ಅಮ್ಮನ ನಾಲಿಗೆ ನನ್ನೊಬ್ಬಳನ್ನೇ ಸುಟ್ಟಿದ್ದಲ್ಲ. ಅವಳಿಗೆ ಒಬ್ಬಳೇ ತಂಗಿ, ನನ್ನ ಚಿಕ್ಕಮ್ಮ, ಕಮ್ಮನಹಳ್ಳಿಯಲ್ಲಿದ್ದಾಳೆ. ಆರು ವರ್ಷದ ಹಿಂದೆ ಚಿಕ್ಕಪ್ಪ ಆಸ್ಪತ್ರೆ ಸೇರಿದರು. ಚಿಕ್ಕಮ್ಮ ಆ ಆಸ್ಪತ್ರೆಯ ಕಾರಿಡಾರಿನಲ್ಲೇ ಚಾಪೆ ಹಾಸಿಕೊಂಡು ಒಂದು ತಿಂಗಳಿಗೂ ಮೇಲೆ ಬದುಕಿದಳು. ಔಷಧಿಗೆ ಓಡಿದಳು, ರಕ್ತಕ್ಕೆ ಓಡಿದಳು, ಕಾಲು ಊದಿಕೊಂಡು ಚಪ್ಪಲಿ ಹಿಡಿಯದೆ ಬರಿಗಾಲಲ್ಲಿ ಓಡಿದಳು. ಅವರು ಉಳಿಯಲಿಲ್ಲ. ಹನ್ನೊಂದನೇ ದಿನದ ಊಟಕ್ಕೆ ಎಲೆ ಹಾಕಿ ಎಲ್ಲರೂ ಕೂತಿದ್ದರು, ಚಿಕ್ಕಮ್ಮ ಗೋಡೆಗೆ ಒರಗಿಕೊಂಡಿದ್ದಳು. ಅನ್ನ ಕಲಸುತ್ತಾ ಅಮ್ಮ ಎಲ್ಲರಿಗೂ ಕೇಳುವಂತೆ ಹೇಳಿದಳು: ‘ಇನ್ನೊಂದು ಕಡೆ ತೋರಿಸ್ಬೇಕಿತ್ತು ಕಣೆ. ನೀನು ಸರಿಯಾಗಿ ಟ್ರೈ ಮಾಡಿದ್ದಿದ್ರೆ ಉಳ್ಕೋತಿದ್ರು.’

ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಚಿಕ್ಕಮ್ಮ ಎದ್ದಳು. ಬಾಗಿಲ ಬಳಿ ಬಿದ್ದಿದ್ದ ಅಷ್ಟು ಚಪ್ಪಲಿಗಳಲ್ಲಿ ಅಮ್ಮನದನ್ನು ಹುಡುಕಿ, ಎತ್ತಿಕೊಂಡು ಹೋಗಿ, ಗೇಟಿನ ಆಚೆ ರಸ್ತೆಯಲ್ಲಿಟ್ಟು ಬಂದಳು. ಅಲ್ಲಿಗೆ ಅಕ್ಕತಂಗಿಯರ ಮಾತು ನಿಂತಿತು. ನಮ್ಮ ಮನೆಯಿಂದ ಅವಳ ಮನೆಗೆ ಆಟೋದಲ್ಲಿ ಅರ್ಧ ಗಂಟೆಯೂ ಇಲ್ಲ. ಆರು ವರ್ಷ ಇವಳು ಅಲ್ಲಿಗೆ ಹೋಗಲಿಲ್ಲ, ಅವಳು ಇಲ್ಲಿಗೆ ಬರಲಿಲ್ಲ. ಅಮ್ಮನ ನಂಬರನ್ನು ಚಿಕ್ಕಮ್ಮ ಬ್ಲಾಕ್ ಮಾಡಿದ್ದಳು. ಸರಿಯಾಗಿಯೇ ಮಾಡಿದಳು ಎಂದು ನಾನು ಒಳಗೊಳಗೆ ಖುಷಿಪಟ್ಟಿದ್ದೆ.

ಆಮೇಲೆ ಅಮ್ಮನ ವಸಡು ಕೆಟ್ಟಿತು. ಒಂದೊಂದೇ ಅಲ್ಲಾಡುತ್ತಾ ಕೊನೆಗೆ ಇದ್ದಬದ್ದ ಹಲ್ಲನ್ನೆಲ್ಲ ಹಲಸೂರಿನ ಡಾಕ್ಟರು ಕಿತ್ತು ಹಾಕಿದರು. ಐವತ್ತು ಮಕ್ಕಳ ಕ್ಲಾಸನ್ನು ಒಂದು ‘ಶ್’ನಲ್ಲಿ ಅಡಗಿಸುತ್ತಿದ್ದವಳಿಗೆ ಈಗ ‘ಶ್’ ಎನ್ನಲು ಆಗಲಿಲ್ಲ. ಬೀದಿ ಕೊನೆಯ ಅಂಗಡಿಗೆ ಹೋಗಿ ಸಾಸಿವೆ ಕೇಳಿದರೆ ಅಂಗಡಿಯವನು ‘ಏನಜ್ಜೀ?’ ಎಂದು ಮೂರು ಸಲ ಕೇಳಿ, ಪಕ್ಕದವನ ಮುಖ ನೋಡಿ ನಕ್ಕನಂತೆ. ಅವತ್ತಿನಿಂದ ಅಮ್ಮ ಹೊಸಿಲು ದಾಟಲಿಲ್ಲ. ಮನೆಗೆ ಯಾರು ಬಂದರೂ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋಗುವಳು. ನನ್ನೆದುರಿಗೂ ಗೋಡೆ ನೋಡಿಕೊಂಡು ಊಟ ಮಾಡುವಳು.

‘ಹಲ್ಲು ಮಾಡ್ಕೊಡು’ ಎಂದು ಅವಳು ಕೇಳಿದ್ದು ವಸಡಿನ ಹೊಲಿಗೆ ಬಿಚ್ಚಿದ ವಾರ. ಕೇಳಿದ ಧಾಟಿಯೂ ಅಪ್ಪಣೆಯದೇ. ‘ನಿನ್ನ ಚಿಕ್ಕಮ್ಮನ ಹತ್ರ ಒಂದು ಮಾತು ಆಡೋದಿದೆ. ಎದುರಿಗೆ ಕೂತು ಆಡ್ಬೇಕು. ಅಷ್ಟು ಆದ್ರೆ ಸಾಕು ನಂಗೆ.’

ಇನ್ನೂ ಜಗಳ ಮುಗಿದಿಲ್ಲವೇ ಈ ಮುದುಕಿಗೆ ಎಂದುಕೊಂಡೆ. ಸತ್ತ ಚಿಕ್ಕಪ್ಪನನ್ನು ನೆಪ ಮಾಡಿಕೊಂಡು ಚುಚ್ಚಿದ್ದು ಸಾಲದೆ ಈಗ ಹೊಸ ಹಲ್ಲು ಹಾಕಿಕೊಂಡು ಹೋಗಿ ಚುಚ್ಚಬೇಕಂತೆ, ಆ ಹಲ್ಲನ್ನು ನಾನು ಮಾಡಿಕೊಡಬೇಕಂತೆ.

‘ಟ್ರೈ ಮಾಡ್ತೀನಿ’ ಎಂದೆ.

ಮೊದಲ ಮೂರು ತಿಂಗಳು ನಿಜವಾಗಿಯೂ ಕಾಯಬೇಕಿತ್ತು. ಹಲ್ಲು ಕಿತ್ತ ಮೇಲೆ ವಸಡು ಇಳಿದು ಗಟ್ಟಿಯಾಗಬೇಕು. ಆಮೇಲೆ ಡಾಕ್ಟರು ಅಳತೆ ತೆಗೆದರು, ಅಮ್ಮನ ವಸಡಿನ ಪ್ಲಾಸ್ಟರ್ ಅಚ್ಚು ನನ್ನ ಟೇಬಲ್ಲಿಗೆ ಬಂತು. ನಾನು ಅದನ್ನು ಎತ್ತಿ ಮೇಲಿನ ಶೆಲ್ಫಿನಲ್ಲಿಟ್ಟೆ. ಆಮೇಲಿನ ಹನ್ನೊಂದು ತಿಂಗಳು ಹೇಳಿದ್ದೆಲ್ಲ ಸುಳ್ಳು. ಲ್ಯಾಬಿನಲ್ಲಿ ಕೆಲಸ ಜಾಸ್ತಿ ಎಂದೆ. ಒಳ್ಳೆಯ ಹಲ್ಲು ಸ್ಟಾಕ್ ಬಂದಿಲ್ಲ ಎಂದೆ. ರಂಜಾನ್ ಎಂದೆ, ಆಯುಧಪೂಜೆ ಎಂದೆ. ಅಮ್ಮ ಕೇಳುವುದು ಸಂಜೆ ನಾನು ಚಪ್ಪಲಿ ಬಿಡುವಾಗ. ‘ಆಯ್ತಾ?’ ಎಂದು ಒಂದೇ ಪದ, ಅದೂ ಸೆರಗಿನ ಹಿಂದಿನಿಂದ. ನಾನು ಚಪ್ಪಲಿ ಬಿಡುತ್ತಲೇ ‘ಈ ವಾರ ಟ್ರೈ ಮಾಡ್ತೀನಿ’ ಎನ್ನುತ್ತಿದ್ದೆ. ಹೇಳುವಾಗ ನಾಲಿಗೆಗೆ ಒಂದು ರುಚಿ ಸಿಗುತ್ತಿತ್ತು. ಸುಳ್ಳೇಕೆ ಹೇಳಲಿ, ಸಿಗುತ್ತಿತ್ತು. ಇದು ನಿನ್ನದೇ ಪದ ತಗೋ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

ಒಂದು ದಿನ ಭಾಯ್ ಶೆಲ್ಫು ಸ್ವಚ್ಛ ಮಾಡಿಸುತ್ತಿದ್ದರು. ನಮ್ಮ ಲ್ಯಾಬಿನಲ್ಲಿ ಮೇಲಿನ ಶೆಲ್ಫು ಎಂದರೆ ಯಾರೂ ಕೇಳದೆ ಉಳಿದ ಕೇಸುಗಳ ಜಾಗ. ಹಲ್ಲು ಮಾಡುವಷ್ಟರಲ್ಲಿ ರೋಗಿ ತೀರಿಕೊಂಡರೆ ಅವರ ಅಚ್ಚು ಅಲ್ಲಿಗೆ ಹೋಗುತ್ತದೆ. ವರ್ಷಕ್ಕೊಮ್ಮೆ ಎಲ್ಲವನ್ನೂ ಮೂಟೆ ಕಟ್ಟಿ ಎಸೆಯುತ್ತಾರೆ. ಭಾಯ್ ಒಂದು ಅಚ್ಚನ್ನು ಕೈಗೆ ತೆಗೆದುಕೊಂಡು ಊದಿ ಧೂಳು ಹಾರಿಸಿದರು.

‘ಮೇಡಂ, ಇದು ಯಾರ್ದು? ಪೇಷಂಟ್ ಹೋಗ್ಬಿಟ್ರಾ? ಎಸೆದುಬಿಡ್ಲಾ?’

ನೋಡಿದೆ. ಅಚ್ಚಿನ ಹಿಂದೆ ನನ್ನದೇ ಅಕ್ಷರದಲ್ಲಿ ‘ಅಮ್ಮ’ ಎಂದು ಬರೆದಿತ್ತು. ಅವರಿಗೆ ಕನ್ನಡ ಓದಲು ಬರುವುದಿಲ್ಲ.

‘ನಮ್ಮಮ್ಮಂದು ಭಾಯ್’ ಎಂದೆ.

‘ಅಮ್ಮಾ ಹೋಗ್ಬಿಟ್ರಾ? ಯಾವಾಗ? ಹೇಳ್ಲೇ ಇಲ್ಲ ನೀವು!’

‘ಇಲ್ಲ, ಇದ್ದಾರೆ.’

ಭಾಯ್ ಆ ಅಚ್ಚನ್ನು ಒಂದು ಸಲ ನೋಡಿದರು, ನನ್ನನ್ನು ಒಂದು ಸಲ ನೋಡಿದರು. ‘ತೋಬಾ, ತೋಬಾ’ ಎಂದರು. ‘ಊರಿಗೆಲ್ಲ ಹಲ್ಲು ಮಾಡ್ತೀರಿ. ಮನೇಲಿರೋ ಅಮ್ಮಾಗೆ ಇಲ್ವಾ? ಸತ್ತವರ ಜೊತೆ ಇಟ್ಟಿದ್ದೀರಲ್ಲ ಮೇಡಂ.’ ಅವರು ದನಿ ಏರಿಸಲಿಲ್ಲ. ಅಚ್ಚನ್ನು ತಂದು ನನ್ನ ಟೇಬಲ್ಲಿನ ಮೇಲಿಟ್ಟು, ಅವತ್ತಿಡೀ ನನ್ನ ಜೊತೆ ಮಾತಾಡಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಹಳೆಯ ಅಚ್ಚು ಕೆಲಸಕ್ಕೆ ಬರುವಂತಿರಲಿಲ್ಲ. ಹನ್ನೊಂದು ತಿಂಗಳಲ್ಲಿ ವಸಡು ಇನ್ನಷ್ಟು ಸವೆದಿರುತ್ತದೆ. ಮತ್ತೆ ಡಾಕ್ಟರ ಹತ್ತಿರ ಕರೆದೊಯ್ದು ಅಳತೆ ತೆಗೆಸಿದೆ, ಎರಡೇ ವಾರದಲ್ಲಿ ಮೇಣದಲ್ಲಿ ಹಲ್ಲು ಕೂರಿಸಿದೆ. ಏಪ್ರಿಲ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ಟ್ರೈ ಇತ್ತು. ಸರಿಪಡಿಸುವುದಿದ್ದರೆ ಅಲ್ಲೇ ಮಾಡೋಣವೆಂದು ನನ್ನ ಚಾಕು, ಸ್ಪಿರಿಟ್ ದೀಪ ಎಲ್ಲ ಹಿಡಿದುಕೊಂಡು ನಾನೂ ಕ್ಲಿನಿಕ್ಕಿಗೆ ಹೋದೆ.

ಟ್ರೈ ಮಾಡುವಾಗ ಡಾಕ್ಟರು ಕೆಲವು ಪದ ಹೇಳಿಸುತ್ತಾರೆ. ಮುಂದಿನ ಹಲ್ಲು ಕೂದಲೆಳೆಯಷ್ಟು ಆಚೀಚೆ ಇದ್ದರೂ ಸಕಾರ ಬಂದಲ್ಲಿ ಸೀಟಿ ಹೊಡೆಯುತ್ತದೆ. ನಮ್ಮ ಡಾಕ್ಟರು ಚಿಕ್ಕ ವಯಸ್ಸಿನವರು, ಮರ್ಯಾದಸ್ಥರು. ‘ಅಮ್ಮಾ, ಸಾಸಿವೆ ಅನ್ನಿ’ ಎಂದರು.

ಅಮ್ಮ ಅವರನ್ನು ದುರುಗುಟ್ಟಿ ನೋಡಿದಳು. ಆಮೇಲೆ ಎದುರಿನ ಗೋಡೆ ನೋಡಿಕೊಂಡು, ‘ಕ್ಷಮಿಸು’ ಎಂದಳು. ಕೊನೆಯ ಸಕಾರ ಸೀಟಿ ಹೊಡೆಯಿತು.

‘ಅಯ್ಯೋ, ಪರವಾಗಿಲ್ಲಮ್ಮ’ ಎಂದರು ಡಾಕ್ಟರು ಗಾಬರಿಯಿಂದ.

‘ನಿಮಗಲ್ಲ’ ಎಂದಳು ಅಮ್ಮ. ನನ್ನ ಕಡೆ ತಿರುಗಿ, ‘ಸೀಟಿ ಬರ್ತಿದೆ. ಸರಿ ಮಾಡು’ ಎಂದಳು.

ಚಾಕು ಬಿಸಿ ಮಾಡಿ ಮೇಣ ಮೆತ್ತಗಾಗಿಸಿ ಮೇಲಿನ ಎರಡು ಹಲ್ಲನ್ನು ಚೂರು ಒಳಗೆ ತಳ್ಳಿದೆ. ಅವಳು ಮತ್ತೆ ಹಾಕಿಕೊಂಡು ಮತ್ತೆ ಅದೇ ಪದ ಹೇಳಿದಳು. ಇನ್ನೂ ಸೀಟಿ. ಮತ್ತೆ ಸರಿಸಿದೆ. ಮೂರನೇ ಸಲ ‘ಕ್ಷಮಿಸು’ ಎಂಬುದು ಸ್ವಚ್ಛವಾಗಿ, ಹಳೆಯ ಕ್ಲಾಸ್‌ರೂಮಿನ ದನಿಯಲ್ಲೇ ಬಂತು. ಅಮ್ಮ ಕಣ್ಣು ಮುಚ್ಚಿಕೊಂಡು ಇನ್ನೊಂದು ಸಲ ಹೇಳಿ ನೋಡಿಕೊಂಡಳು. ಆಗ ನನಗೆ ಅರ್ಥವಾಯಿತು. ಅವಳು ಚಿಕ್ಕಮ್ಮನ ಹತ್ತಿರ ಆಡಬೇಕೆಂದಿದ್ದ ಒಂದು ಮಾತು ಇದೇ.

ನನ್ನ ಮನಸ್ಸು ಕರಗಿತು ಎಂದು ನೀವು ಅಂದುಕೊಂಡಿದ್ದರೆ, ಇಲ್ಲ. ಇನ್ನಷ್ಟು ಉರಿಯಿತು. ನಲವತ್ತೇಳು ವರ್ಷದಲ್ಲಿ ಆ ಬಾಯಿಂದ ಆ ಪದ ನಾನು ಕೇಳಿರಲಿಲ್ಲ. ಕೇಳಿದ್ದು ಈಗ, ನನ್ನ ಕೈಯಾರೆ ಹಲ್ಲು ತಿದ್ದಿ ತಿದ್ದಿ ಆ ಪದ ಹೊರಡಿಸಿಕೊಟ್ಟ ಮೇಲೆ. ಆಗಲೂ ಅದು ನನಗಲ್ಲ. ಚಪಾತಿ ಲಟ್ಟಿಸುತ್ತಾ ತಲೆ ಎತ್ತದೆ ಹೇಳಿದ ಮಾತು ಇವಳಿಗೆ ನೆನಪಾದರೂ ಇದೆಯೇ?

ವಾಪಸ್ ಬರುವಾಗ ಆಟೋದಲ್ಲಿ, ಮೇಣದ ಸೆಟ್ಟಿದ್ದ ಡಬ್ಬಿಯನ್ನು ನಾನು ಮಡಿಲಲ್ಲಿ ಇಟ್ಟುಕೊಂಡಿದ್ದೆ. ಅಮ್ಮ ಸೆರಗಿನ ಹಿಂದಿನಿಂದ ಕೇಳಿದಳು, ‘ಪೂರ್ತಿ ಯಾವಾಗ ಆಗತ್ತೆ?’

ಸೋಮವಾರ ಬೇಯಿಸಿ ಮಂಗಳವಾರ ಕೊಡಬಹುದಿತ್ತು, ಕೊಡುವ ಮನಸ್ಸೂ ಇತ್ತು. ಆದರೂ ಬಾಯಿಗೆ ಬಂದದ್ದು ಬೇರೆ. ‘ಸೋಮವಾರ ಟ್ರೈ ಮಾಡ್ತೀನಿ’ ಎಂದೆ.

ಬಿಸಿಲಿಗೆ ಮೇಣ ಬಾಗದಿರಲಿ ಎಂದು ನಾನು ಮನೆಗೆ ಬಂದು ಡಬ್ಬಿಗೆ ತಣ್ಣೀರು ಹಾಕಿ ಫ್ರಿಜ್ಜಿನಲ್ಲಿಟ್ಟೆ.

ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಮ್ಮ ಹಾಲಿನಲ್ಲಿ ನಿಂತಿದ್ದಳು. ಗಂಜಿ ಹಾಕಿದ ಕಾಟನ್ ಸೀರೆ, ಶಾಲೆಗೆ ಹೋಗುತ್ತಿದ್ದಾಗಿನ ಕೈಚೀಲ. ಸೆರಗು ಬಾಯಿಯ ಮೇಲಿರಲಿಲ್ಲ. ಒಳಗೆ ಬಿದ್ದಿದ್ದ ಕೆನ್ನೆ ತುಂಬಿಕೊಂಡಿತ್ತು. ನೋಡುತ್ತಲೇ ತಿಳಿಯಿತು.

‘ತೆಗಿ ಅದನ್ನ’ ಎಂದು ಕಿರುಚಿದೆ. ‘ಹುಚ್ಚಾ ನಿಂಗೆ? ಅದು ಬರೀ ಮೇಣ! ಬಿಸಿ ತಾಗಿದ್ರೆ ಜಾರುತ್ತೆ. ಏನೂ ಕಚ್ಚಂಗಿಲ್ಲ.’

‘ನಾನು ಊಟಕ್ಕೆ ಹೋಗ್ತಿಲ್ಲ’ ಎಂದಳು ಅಮ್ಮ. ನಾಲಿಗೆಯಿಂದ ಮೇಲಿನ ಸೆಟ್ಟನ್ನು ಒತ್ತಿ ಹಿಡಿದುಕೊಂಡಿದ್ದಳು, ಆದರೂ ಒಂದೊಂದು ಅಕ್ಷರವೂ ಸ್ಪಷ್ಟ. ‘ನಿನ್ನ ಸೋಮವಾರ ಎಂಥದು ಅಂತ ನಂಗೊತ್ತು. ಹದಿನಾಲ್ಕು ತಿಂಗಳು ನೋಡಿದ್ದೀನಿ. ಆಟೋ ಕರಿ. ಇಲ್ದಿದ್ರೆ ನಡ್ಕೊಂಡು ಹೋಗ್ತೀನಿ.’

ಆಟೋ ಕರೆದೆ. ಬೇರೆ ಏನು ಮಾಡಲಿ?

ಬಾಗಿಲು ತೆಗೆದ ಚಿಕ್ಕಮ್ಮ ನಮ್ಮನ್ನು ಮೇಲಿಂದ ಕೆಳಗೆ ನೋಡಿದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ‘ಬನ್ನಿ’ ಎಂದಳು. ಹುಟ್ಟಿದಾಗಿನಿಂದ ಅಕ್ಕನನ್ನು ‘ನೀನು’ ಎಂದವಳು. ಆ ಒಂದು ಬಹುವಚನಕ್ಕೆ ಅಮ್ಮ ಹೊಸಿಲ ಮೇಲೆ ಒಂದು ಕ್ಷಣ ತಡೆದು ನಿಂತಳು. ಒಳಗೆ ಟಿವಿಯಲ್ಲಿ ಅಡುಗೆ ಕಾರ್ಯಕ್ರಮ ಓಡುತ್ತಿತ್ತು. ಚಿಕ್ಕಮ್ಮ ಅದನ್ನು ಆರಿಸಲಿಲ್ಲ, ದನಿಯನ್ನೂ ತಗ್ಗಿಸಲಿಲ್ಲ. ನಾವು ಸೋಫಾದ ಅಂಚಿನಲ್ಲಿ ಕೂತೆವು. ಅವಳು ಅಡುಗೆಮನೆಗೆ ಹೋದಳು. ಎಷ್ಟೇ ಸಿಟ್ಟಿರಲಿ, ಮನೆಗೆ ಬಂದವರಿಗೆ ಕಾಫಿ ಕೊಡದೆ ಕಳಿಸುವ ಹೆಂಗಸಲ್ಲ ಅವಳು. ಅದನ್ನು ನಾನು ಯೋಚಿಸಬೇಕಿತ್ತು. ಇಬ್ಬರೂ ಯೋಚಿಸಿರಲಿಲ್ಲ.

ಎರಡು ಸ್ಟೀಲ್ ಲೋಟ ಬಂದವು. ಹಬೆ ಏಳುತ್ತಿತ್ತು. ಚಿಕ್ಕಮ್ಮ ಒಂದನ್ನು ಅಮ್ಮನ ಮುಂದೆ ಟೀಪಾಯಿಯ ಮೇಲಿಟ್ಟಳು.

‘ಬೇಡ’ ಎಂದಳು ಅಮ್ಮ.

ಚಿಕ್ಕಮ್ಮನ ಮುಖ ನೋಡಬೇಕಿತ್ತು ನೀವು. ‘ಬೇಡ್ವಾ?’ ಎಂದಳು. ‘ಸಕ್ಕರೆ ಹಾಕಿಲ್ಲ.’

‘ಬೇಡ.’

ಆರು ವರ್ಷದ ಮೇಲೆ ಬಂದು, ಎದುರಿಗೆ ಇಟ್ಟ ಕಾಫಿಯನ್ನು ಎರಡು ಸಲ ಬೇಡವೆಂದರೆ ಅದರ ಅರ್ಥವೇನು ಎಂದು ನಮ್ಮ ಕಡೆಯ ಯಾವ ಹೆಂಗಸಿಗೂ ಹೇಳಿಕೊಡಬೇಕಾಗಿಲ್ಲ. ನಿನ್ನ ಮನೆಯ ನೀರೂ ಬೇಡ ಎಂದು ಅರ್ಥ. ‘ಚಿಕ್ಕಮ್ಮ, ಅದು ಹಾಗಲ್ಲ...’ ಎಂದು ನಾನು ಬಾಯಿ ತೆರೆದೆ. ಅಮ್ಮ ಕೈ ಹಾಕಿ ನನ್ನ ಮೊಣಕಾಲನ್ನು ಹಿಂಡಿದಳು. ಹೇಳಬೇಡ ಎಂದು. ಬಾಯಲ್ಲಿರುವುದು ಮೇಣ ಎಂದು ತಂಗಿಗೆ ಗೊತ್ತಾಗುವುದು ಅವಳಿಗೆ ಬೇಕಿರಲಿಲ್ಲ.

ಚಿಕ್ಕಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ‘ಸಾವಿನ ಮನೇಲಿ ಎಲೆ ಮುಂದೆ ಕೂತು ಅಂಥ ಮಾತಾಡಿದ್ರಿ. ಇವತ್ತು ಒಂದು ಲೋಟ ಕಾಫಿ ಮುಟ್ಟೋಕೂ ಆಗ್ತಿಲ್ಲ ನಿಮಗೆ. ಮತ್ತೆ ಯಾಕೆ ಬಂದ್ರಿ? ಹೊಸ ಹಲ್ಲು ತೋರ್ಸೋಕಾ? ಎದ್ದೇಳಿ. ಚಪ್ಪಲಿ ನಾನೇ ಎತ್ತಿಡ್ಲಾ, ನೀವೇ ಹಾಕ್ಕೋತೀರಾ?’

ಅಮ್ಮ ಲೋಟ ತೆಗೆದುಕೊಂಡಳು. ನಾನು ‘ಅಮ್ಮಾ!’ ಎಂದೆ. ಅವಳು ನನ್ನ ಕಡೆ ನೋಡಲಿಲ್ಲ. ಆರಿಸಲೂ ಇಲ್ಲ, ಊದಲೂ ಇಲ್ಲ. ತಂಗಿಯ ಮುಖವನ್ನೇ ನೋಡುತ್ತಾ ಒಂದೇ ಸಮನೆ ಗುಟುಕು ಗುಟುಕಾಗಿ ಅಷ್ಟನ್ನೂ ಕುಡಿದಳು. ಕಣ್ಣಲ್ಲಿ ನೀರು ಬಂತು. ಲೋಟ ಕೆಳಗಿಟ್ಟಳು. ಬಾಯಿ ತೆರೆದಳು.

‘ಕ್ಷ...’ ಎಂದಳು. ಅಷ್ಟರಲ್ಲಿ ಮೇಲಿನ ಸೆಟ್ಟು ಜಾರಿತು. ನಾನು ಮೂರು ಸಲ ಸರಿಸಿ ಕೂರಿಸಿದ್ದ ಮುಂದಿನ ಹಲ್ಲು ಮೇಣದಿಂದ ಕಳಚಿ ಖಾಲಿ ಲೋಟದೊಳಗೆ ಬಿತ್ತು. ಟಿವಿಯ ಸದ್ದಿನ ನಡುವೆಯೂ ಆ ಟಣ್ ಎಂಬ ಸದ್ದು ಮೂವರಿಗೂ ಕೇಳಿತು.

ಹದಿನಾಲ್ಕು ತಿಂಗಳು ಯಾರಿಗೂ ಬಾಯಿ ತೋರಿಸದವಳು. ಅಮ್ಮ ಎರಡು ಬೆರಳು ಬಾಯಿಗೆ ಹಾಕಿ, ಮೇಲಿನದನ್ನೂ ಕೆಳಗಿನದನ್ನೂ ತೆಗೆದು, ಸೊಟ್ಟಗಾಗಿದ್ದ ಆ ಗುಲಾಬಿ ಮೇಣದ ಮುದ್ದೆಗಳನ್ನು ಟೀಪಾಯಿಯ ಮೇಲೆ ಲೋಟದ ಪಕ್ಕದಲ್ಲಿಟ್ಟಳು. ಸೆರಗಿಗೆ ಕೈ ಹೋಗಲಿಲ್ಲ. ಬೋಳು ಬಾಯಲ್ಲೇ ಹೇಳಿದಳು.

‘ಕ್ಷಮಿಶು.’

ಚಿಕ್ಕಮ್ಮ ಲೋಟದೊಳಗಿನ ಹಲ್ಲನ್ನು ನೋಡಿದಳು.

‘ನೀನು ಟ್ರೈ ಮಾಡಿದ್ದೆ’ ಎಂದಳು ಅಮ್ಮ. ಅಕ್ಷರಗಳು ಒಂದರ ಮೇಲೊಂದು ಬಿದ್ದು ಬರುತ್ತಿದ್ದವು, ಆದರೂ ಅರ್ಥವಾಗದೆ ಇರಲಿಲ್ಲ. ‘ಬರಿಗಾಲಲ್ಲಿ ಓಡಾಡಿದ್ದೆ. ನಾನು ನೋಡಿದ್ದೆ. ನೋಡಿದ್ದೂ ಹಾಗಂದೆ.’

ಟಿವಿಯಲ್ಲಿ ಯಾರೋ ಒಗ್ಗರಣೆಗೆ ಇಂಗು ಹಾಕಿ ಎನ್ನುತ್ತಿದ್ದರು. ಚಿಕ್ಕಮ್ಮ ರಿಮೋಟು ತೆಗೆದುಕೊಂಡು ಅದನ್ನು ಆರಿಸಿದಳು. ಒಳಗೆ ಹೋಗಿ ಒಂದು ಬಟ್ಟೆ ತಂದು, ಮೇಣದಿಂದ ಟೀಪಾಯಿಯ ಮೇಲೆ ಸೋರಿದ್ದ ಕಾಫಿಯನ್ನು ಹಲ್ಲಿನ ಸುತ್ತ ಸುತ್ತ ಒರೆಸಿದಳು. ಹಲ್ಲನ್ನು ಮುಟ್ಟಲಿಲ್ಲ. ಅವಳು ಏನಾದರೂ ಹೇಳಲಿ, ಬೈಯಲಿ, ಅಳಲಿ ಎಂದು ನಾನು ಕಾಯುತ್ತಿದ್ದೆ. ಅಮ್ಮನೇ ಮತ್ತೆ ಬಾಯಿ ತೆರೆದಳು.

‘ಒಂದ್ಸಲ ಮನೆಗೆ ಬಾರೇ. ಭಾನುವಾರ ಬಾ. ಕಾಫಿ ಕುಡ್ದು ಹೋಗು.’

ಚಿಕ್ಕಮ್ಮ ಬಟ್ಟೆಯನ್ನು ನಾಲ್ಕಾಗಿ ಮಡಿಸಿದಳು. ಅಕ್ಕನ ಮುಖ ನೋಡದೆ, ಬಟ್ಟೆಯನ್ನೇ ನೋಡುತ್ತಾ ಹೇಳಿದಳು.

‘ಟ್ರೈ ಮಾಡ್ತೀನಿ.’

ಆ ಮಾತನ್ನು ಯಾವ ದನಿಯಲ್ಲಿ, ಎಲ್ಲಿ ನೋಡಿಕೊಂಡು, ಯಾವ ಅರ್ಥದಲ್ಲಿ ಹೇಳುತ್ತಾರೆಂದು ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ನಾನು ಚಪ್ಪಲಿ ನೋಡಿಕೊಂಡು ಹೇಳುತ್ತಿದ್ದೆ, ಅವಳು ಬಟ್ಟೆ ನೋಡಿಕೊಂಡು ಹೇಳಿದಳು.

ಆಟೋ ಮನೆ ಹತ್ತಿರ ಬಂದಾಗ ಅಮ್ಮ ಕೇಳಿದಳು, ‘ಬರ್ತಾಳಾ?’

‘ಬರ್ತಾಳೆ’ ಎಂದೆ.

ಸೋಮವಾರ ಭಾಯ್ ಬರುವ ಮೊದಲೇ ನಾನು ಲ್ಯಾಬಿನ ಬೀಗ ತೆಗೆದು ಕೂತಿದ್ದೆ. ಹೊಸ ಮೇಣದಲ್ಲಿ ಹಲ್ಲನ್ನೆಲ್ಲ ಮತ್ತೆ ಕೂರಿಸಿದೆ. ಮುಂದಿನ ಎರಡು ಹಲ್ಲು ಎಲ್ಲಿ ನಿಲ್ಲಬೇಕೆಂದು ಬೆರಳಿಗೆ ನೆನಪಿತ್ತು, ಇನ್ನೊಂದು ಟ್ರೈ ಬೇಕಾಗಲಿಲ್ಲ. ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ಮಂಗಳವಾರ ಸಂಜೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಹಾಕಿಸಿದೆ. ಚೆನ್ನಾಗಿ ಕೂತವು. ನನ್ನ ಕೈಯಲ್ಲಿ ಅದಕ್ಕಿಂತ ಒಳ್ಳೆಯ ಸೆಟ್ಟು ಆಗಿಲ್ಲ. ಅಮ್ಮ ಕನ್ನಡಿಯಲ್ಲಿ ನೋಡಿಕೊಂಡು ಹೂಂ ಎಂದಳು. ಹದಿನಾಲ್ಕು ತಿಂಗಳು ಕಾಯಿಸಿದ್ದಕ್ಕೆ ನಾನು ಅವಳಲ್ಲಿ ಕ್ಷಮೆ ಕೇಳಿಲ್ಲ. ಚಪಾತಿಯ ದಿನದ್ದಕ್ಕೆ ಅವಳು ನನ್ನಲ್ಲಿ ಕೇಳಿಲ್ಲ.

ಈಗ ಭಾನುವಾರ ಬಂದರೆ ಅಮ್ಮ ಬೆಳಿಗ್ಗೆಯೇ ಹಲ್ಲು ತೊಳೆದು ಹಾಕಿಕೊಂಡು, ಇಸ್ತ್ರಿ ಸೀರೆ ಉಟ್ಟು, ಬಾಗಿಲಿಗೆ ಮುಖ ಮಾಡಿ ಕೂರುತ್ತಾಳೆ. ಡಿಕಾಕ್ಷನ್ ಮೂವರಿಗಾಗುವಷ್ಟು ಇಳಿಸಿಟ್ಟಿರುತ್ತಾಳೆ. ಗೇಟಿನ ಸದ್ದಾದರೆ ಕತ್ತು ಎತ್ತುತ್ತಾಳೆ. ಹಾಲಿನವನು, ಮೇಲಿನ ಮನೆಯವರ ಪಾರ್ಸಲ್, ಯಾರ್ಯಾರೋ. ಚಿಕ್ಕಮ್ಮ ಬಂದಿಲ್ಲ. ನಾನು ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ‘ಟ್ರೈ ಮಾಡ್ತೀನಿ ಅಂದಿದ್ನಲ್ಲ’ ಎಂದಳು.

ಹೋದ ಭಾನುವಾರ ನನಗೆ ತಡೆಯಲಾಗಲಿಲ್ಲ. ಮಧ್ಯಾಹ್ನವಾದರೂ ಅಮ್ಮ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ‘ಸಾಕು ಏಳಮ್ಮ’ ಎಂದು ರೇಗಿದೆ. ‘ಅವಳು ಬರಲ್ಲ. ಬರೋರು ಹಾಗನ್ನಲ್ಲ. ಅಷ್ಟೂ ಅರ್ಥವಾಗಲ್ವಾ ನಿಂಗೆ? ಐದು ತಿಂಗಳಾಯ್ತು!’

ಅಮ್ಮ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಕ್ಲಾಸಿನಲ್ಲಿ ದಡ್ಡ ಮಗುವಿಗೆ ಲೆಕ್ಕ ಬಿಡಿಸಿ ಹೇಳುವ ದನಿ, ಸೀಟಿಯಿಲ್ಲದ ಸ್ಪಷ್ಟವಾದ ದನಿ.

‘ಐದೇ ಅಲ್ವಾ ಆಗಿರೋದು’ ಎಂದಳು. ‘ನೀನು ಹದಿನಾಲ್ಕು ತಗೊಂಡೆ.’

ಎದ್ದು ಹೋಗಿ ಉಳಿದ ಡಿಕಾಕ್ಷನ್ನಿಗೆ ಮುಚ್ಚಳ ಮುಚ್ಚಿಟ್ಟಳು.